ಎಚ್ಚರಿಕೆ ಮಾಯವಾಯ್ತು, ಮುಸುಕೂ ಮಾಯವಾಯ್ತು: ಲಾಗ್4ಜೆ ಕಲಿಸುವ ಒಂದು ಪಾಠ

ಈಚೆಗೆ ಒಂದು ಭಾನುವಾರ ಬೆಳಗ್ಗೆ ಹಳೇ ಸಹೋದ್ಯೋಗಿಯೊಬ್ಬ ಫೋನ್ ಮಾಡಿದ. ಸುಮಾರು ಹತ್ತು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಜಾವಾ ಕೋಡ್ ಬರೆಯುತ್ತಿದ್ದವರು. ನಾನು ಆ ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದೆ. ಅವನು ಅಲ್ಲೇ ಉಳಿದ.

“ಲೋ, ಲಾಗ್‌ನಲ್ಲಿ ಫೋನ್ ನಂಬರ್ ಮುಚ್ಚೋಕೆ ಮಾಸ್ಕ್ ಅಂತ ಒಂದು ಪ್ಲಗಿನ್ ಬರೆದಿದ್ದೆಯಲ್ಲ, ನೆನಪಿದೆಯಾ?”

“ಅದಿನ್ನೂ ಓಡ್ತಿದೆಯೇನೋ?”

“ಮೊನ್ನೆವರೆಗೂ ಓಡ್ತಿತ್ತು. ಈಗ ಟೆಸ್ಟ್ ಸರ್ವರ್‌ನಲ್ಲಿ ಎಲ್ಲ ನಂಬರೂ ಹಾಗ್‌ಹಾಗೇ ಕಾಣ್ತಿದೆ. ಇನ್ನೊಂದು ತಮಾಷೆ ಕೇಳು, ಪ್ರತಿ ಸಾಲಿನ ಕೊನೇಲಿ ‘ಆಸ್ಕ್’ ಅಂತ ಬರ್ತಿದೆ. ಯಾರನ್ನ ಕೇಳ್ಬೇಕಂತೆ ಅದು?”

ತಮಾಷೆಯಾಗಿಯೇ ಶುರುವಾದ ಮಾತು. ಆದರೆ ಅವನು ಮಾಡಿದ್ದು ಇಷ್ಟೇ ಅಂತ ಗೊತ್ತಾದಾಗ ನನಗೆ ಸ್ವಲ್ಪ ಭಯವಾಯ್ತು. ಲೈಬ್ರರಿಯನ್ನು ಹೊಸ ಆವೃತ್ತಿಗೆ ಏರಿಸಿದ. ಒಂದು ಎಚ್ಚರಿಕೆ ಬಂತು. ಎಚ್ಚರಿಕೆ ಯಾವ ಪದವನ್ನು ತೆಗೆಯಿರಿ ಅಂದಿತೋ ಆ ಪದವನ್ನು ತೆಗೆದ. ಎಚ್ಚರಿಕೆ ಹೋಯ್ತು. ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಎದ್ದು ನಿಂತಿತು. ಜನರ ಫೋನ್ ನಂಬರ್ ಮೇಲಿದ್ದ ಮುಸುಕು ಮಾತ್ರ ಸದ್ದಿಲ್ಲದೆ ಜಾರಿಹೋಯ್ತು.

ಇದು ಎಂಜಿನಿಯರ್‌ಗಳ ಒಳಗಿನ ವಿಚಾರ, ನಮಗ್ಯಾಕೆ ಅಂತ ಅನ್ನಿಸಬಹುದು. ಆದರೆ ಆ ನಂಬರ್‌ಗಳು ಎಂಜಿನಿಯರ್‌ಗಳದ್ದಲ್ಲ, ನಿಮ್ಮವು. ಆದ್ದರಿಂದ ಇದನ್ನು ಮೊದಲಿನಿಂದ ಬಿಡಿಸಿ ಹೇಳ್ತೀನಿ. ಕೋಡ್ ಬರೆಯುವವರಿಗೆ ಕೈಗೆ ಸಿಗುವ ಉಪಾಯವೂ ಇದೆ, ಬರೆಯದವರಿಗೆ ಕೇಳಲು ಒಂದು ಪ್ರಶ್ನೆಯೂ ಇದೆ.

ಲಾಗ್ ಅಂದ್ರೆ ಏನು, ಪ್ಲಗಿನ್ ಅಂದ್ರೆ ಏನು

ಪೊಲೀಸ್ ಠಾಣೆಯಲ್ಲಿ ಸ್ಟೇಷನ್ ಡೈರಿ ಇರುತ್ತದಲ್ಲ, ಯಾರು ಬಂದರು, ಎಷ್ಟು ಹೊತ್ತಿಗೆ, ಏನಾಯಿತು ಅಂತ ಸಾಲು ಸಾಲಾಗಿ ಬರೆದಿಡುವುದು? ಸಾಫ್ಟ್‌ವೇರ್‌ಗೂ ಅಂಥದ್ದೊಂದು ಡೈರಿ ಬೇಕು. ಅದೇ ಲಾಗ್. ನೀವು ಆ್ಯಪ್‌ನಲ್ಲಿ ಟಿಕೆಟ್ ಬುಕ್ ಮಾಡಿದಾಗ, ಒಟಿಪಿ ಕೇಳಿದಾಗ, ಬಿಲ್ ಕಟ್ಟಿದಾಗ ಎಲ್ಲೋ ಒಂದು ಸರ್ವರ್‌ನಲ್ಲಿ ಒಂದೊಂದು ಸಾಲು ಬೀಳುತ್ತದೆ. ಏನಾದರೂ ಕೆಟ್ಟರೆ ಎಂಜಿನಿಯರ್ ಮೊದಲು ತೆರೆಯುವುದು ಈ ಡೈರಿಯನ್ನೇ.

ಜಾವಾ ಲೋಕದಲ್ಲಿ ಈ ಡೈರಿ ಬರೆಯುವ ಹೆಸರಾಂತ ಗುಮಾಸ್ತ ಲಾಗ್4ಜೆ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಅಡಿಯಲ್ಲಿ ನಡೆಯುವ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲೈಬ್ರರಿ. ಮೊದಲ ಸರಣಿಗೆ 2015ರ ಆಗಸ್ಟ್‌ನಲ್ಲಿ ಅಧಿಕೃತವಾಗಿ ವಿದಾಯ ಹೇಳಲಾಯಿತು. ಈಗ ಎಲ್ಲೆಡೆ ಇರುವುದು 2014ರಲ್ಲಿ ಬಿಡುಗಡೆಯಾದ ಎರಡನೇ ಸರಣಿ.

ಈ ಎರಡನೇ ಸರಣಿಯ ವಿಶೇಷ ಅಂದ್ರೆ ಅದರ ಬಹುಪಾಲು ಭಾಗಗಳೆಲ್ಲ ಪ್ಲಗಿನ್‌ಗಳು. ಸಾಲನ್ನು ಫೈಲಿಗೆ ಬರೆಯುವುದು ಒಂದು ಪ್ಲಗಿನ್, ನೆಟ್‌ವರ್ಕ್‌ಗೆ ಕಳಿಸುವುದು ಇನ್ನೊಂದು, ಸಾಲಿನಲ್ಲಿ ದಿನಾಂಕವನ್ನು ಹೇಗೆ ತೋರಿಸಬೇಕು ಅನ್ನುವುದು ಮತ್ತೊಂದು. ಬೇಕಾದರೆ ನಾವೂ ನಮ್ಮದೊಂದನ್ನು ಬರೆದು ಸೇರಿಸಬಹುದು. ನಾನು ಬರೆದಿದ್ದು ಅಂಥದ್ದೇ. ಸಾಲಿನೊಳಗೆ ಹತ್ತು ಅಂಕಿಯ ಫೋನ್ ನಂಬರ್ ಕಂಡರೆ ನಡುವಿನ ಅಂಕಿಗಳನ್ನು ನಕ್ಷತ್ರ ಚಿಹ್ನೆಯಿಂದ ಮುಚ್ಚುವ ನೂರು ಸಾಲಿನೊಳಗಿನ ಒಂದು ಚಿಕ್ಕ ಪ್ಲಗಿನ್.

ಬರೆದರೆ ಸಾಲದು. ಅದು ಇದೆ ಅಂತ ಲಾಗ್4ಜೆಗೆ ಗೊತ್ತಾಗಬೇಕು. ತಕರಾರು ಇರುವುದೇ ಇಲ್ಲಿ.

ಮನೆಮನೆ ಸುತ್ತುವುದು ಮತ್ತು ಪಟ್ಟಿ ನೋಡುವುದು

ಗೊತ್ತುಮಾಡಿಕೊಳ್ಳಲು ಎರಡು ದಾರಿ ಇದ್ದವು.

ಮೊದಲನೆಯದು ಪ್ಯಾಕೇಜ್ ಸ್ಕ್ಯಾನಿಂಗ್. ಸಂರಚನಾ ಫೈಲಿನ ಮೊದಲ ಸಾಲಿನಲ್ಲಿ ‘ಪ್ಯಾಕೇಜಸ್’ ಅನ್ನುವ ಗುಣಲಕ್ಷಣ ಹಾಕಿ, ನಮ್ಮ ಕೋಡ್ ಯಾವ ಪ್ಯಾಕೇಜಿನಲ್ಲಿದೆ ಅಂತ ಹೆಸರು ಬರೆಯುವುದು. ಪ್ರೋಗ್ರಾಂ ಶುರುವಾದಾಗ ಲಾಗ್4ಜೆ ಆ ಪ್ಯಾಕೇಜಿನ ಒಂದೊಂದು ಕ್ಲಾಸಿನ ಬಾಗಿಲನ್ನೂ ತಟ್ಟಿ, “ಇಲ್ಲಿ ಪ್ಲಗಿನ್ ಯಾರಾದ್ರೂ ಇದ್ದೀರಾ?” ಅಂತ ಕೇಳುತ್ತಾ ಹೋಗುತ್ತದೆ. ಮತದಾನದ ದಿನವೇ ಬೂತ್ ಅಧಿಕಾರಿ ಮನೆಮನೆ ಸುತ್ತಿ ಮತದಾರರನ್ನು ಹುಡುಕಿದ ಹಾಗೆ.

ಎರಡನೆಯದು ಪಟ್ಟಿ. ಕೋಡ್ ಕಂಪೈಲ್ ಆಗುವ ಹೊತ್ತಿನಲ್ಲೇ ‘ಪ್ಲಗಿನ್ ಪ್ರೊಸೆಸರ್’ ಅನ್ನುವ ಸಹಾಯಕ ಬಂದು, ಪ್ಲಗಿನ್ ಅಂತ ಗುರುತು ಹಾಕಿರುವ ಕ್ಲಾಸ್‌ಗಳ ಹೆಸರನ್ನೆಲ್ಲ ಬರೆದುಕೊಂಡು ಒಂದು ಫೈಲ್ ಮಾಡುತ್ತಾನೆ. ‘ಲಾಗ್4ಜೆ2ಪ್ಲಗಿನ್ಸ್’ ಅಂತ ಅದರ ಹೆಸರು, ಕೊನೆಗೆ ‘ಡ್ಯಾಟ್’ ಅನ್ನುವ ಬಾಲ. ಆ ಫೈಲ್ ನಮ್ಮ ಜಾರ್‌ನ ಒಳಗೇ ಪ್ಯಾಕ್ ಆಗುತ್ತದೆ. ಪ್ರೋಗ್ರಾಂ ಶುರುವಾದಾಗ ಯಾರ ಬಾಗಿಲನ್ನೂ ತಟ್ಟುವ ಅಗತ್ಯ ಇಲ್ಲ. ಪಟ್ಟಿ ತೆರೆದರೆ ಮುಗೀತು. ಚುನಾವಣೆಗೆ ಮೊದಲೇ ಸಿದ್ಧವಾದ ಮತದಾರರ ಪಟ್ಟಿ ಇದ್ದ ಹಾಗೆ.

ನಾನು ಬಳಸಿದ್ದು ಮೊದಲನೇ ದಾರಿ. ಆಗ ಅಂತರ್ಜಾಲದಲ್ಲಿ ಸಿಗುತ್ತಿದ್ದ ಉದಾಹರಣೆಗಳಲ್ಲಿ ಹಾಗೇ ಇತ್ತು, ನಕಲು ಮಾಡಿದೆ, ಕೆಲಸ ಮಾಡಿತು, ಮರೆತೆ. ಸಾಫ್ಟ್‌ವೇರ್ ಉದ್ಯಮದ ಅರ್ಧ ಇತಿಹಾಸ ಈ ಒಂದೇ ವಾಕ್ಯದಲ್ಲಿದೆ ಅನ್ನಿ.

ಬಾಗಿಲು ತಟ್ಟುವುದನ್ನು ಯಾಕೆ ಕೈಬಿಟ್ಟರು

ಲಾಗ್4ಜೆ ತಂಡ ಈಗ ಪ್ಯಾಕೇಜ್ ಸ್ಕ್ಯಾನಿಂಗನ್ನು ‘ಡೆಪ್ರಿಕೇಟೆಡ್’ ಅಂತ ಘೋಷಿಸಿದೆ. ಅಂದರೆ ಇವತ್ತಿಗೆ ನಡೆಯುತ್ತದೆ, ಮುಂದೆ ಇರುವುದಿಲ್ಲ, ಈಗಲೇ ಬೇರೆ ವ್ಯವಸ್ಥೆ ಮಾಡಿಕೊಳ್ಳಿ ಅಂತ. ಎರಡನೇ ಸರಣಿಯಲ್ಲಿ ಎಚ್ಚರಿಕೆಯೊಂದಿಗೆ ಉಳಿಸಿಕೊಂಡು, ಮೂರನೇ ಸರಣಿಯಿಂದ ಇದನ್ನು ಕೈಬಿಡುವುದು ಅವರ ತೀರ್ಮಾನ.

ಕಾರಣಗಳು ಗಟ್ಟಿ ಇವೆ. ಮೊದಲನೆಯದು ವೇಗ. ಪ್ರತಿ ಸಲ ಪ್ರೋಗ್ರಾಂ ಶುರುವಾದಾಗಲೂ ಕ್ಲಾಸ್‌ಗಳನ್ನೆಲ್ಲ ತಡಕಾಡುವುದು ಅಂದ್ರೆ ಸಮಯ. ಕ್ಲೌಡ್‌ನಲ್ಲಿ ಪ್ರೋಗ್ರಾಂಗಳು ದಿನಕ್ಕೆ ನೂರಾರು ಸಲ ಹುಟ್ಟಿ ಸಾಯುವ ಕಾಲ ಇದು. ಎರಡನೆಯದು ನಂಬಿಕೆ. ಕ್ಲಾಸ್‌ಗಳು ಸಾಮಾನ್ಯ ಫೋಲ್ಡರ್‌ನಲ್ಲಿವೆಯೋ, ಜಾರ್ ಒಳಗಿನ ಜಾರ್‌ನಲ್ಲಿವೆಯೋ, ಒಎಸ್‌ಜಿಐ ಅಥವಾ ಜಾವಾ ಮಾಡ್ಯೂಲ್ ವ್ಯವಸ್ಥೆಯ ಗೋಡೆಗಳ ಹಿಂದಿವೆಯೋ ಅನ್ನುವುದರ ಮೇಲೆ ಹುಡುಕಾಟದ ಫಲಿತಾಂಶ ಬದಲಾಗುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸಿಕ್ಕಿದ ಪ್ಲಗಿನ್ ಸರ್ವರ್‌ನಲ್ಲಿ ಸಿಗದೇ ಹೋಗಬಹುದು. ಮೂರನೆಯದು, ಗ್ರಾಲ್‌ವಿಎಂ ಥರದ ಸಾಧನಗಳು ಜಾವಾ ಪ್ರೋಗ್ರಾಮನ್ನು ಮೊದಲೇ ಯಂತ್ರಭಾಷೆಗೆ ಇಳಿಸಿಬಿಡುತ್ತವೆ. ಏನೇನು ಬೇಕು ಅನ್ನುವುದು ಅಲ್ಲಿ ಕಟ್ಟುವಾಗಲೇ ಗೊತ್ತಿರಬೇಕು. ಓಡುವಾಗ ಹುಡುಕ್ತೀನಿ ಅಂದ್ರೆ ಹುಡುಕಲು ಅಲ್ಲಿ ಏನೂ ಇರುವುದಿಲ್ಲ.

ನನಗೆ ನಾಲ್ಕನೇ ಕಾರಣವೂ ಕಾಣುತ್ತದೆ, ಇದು ನನ್ನ ಅಭಿಪ್ರಾಯ. ಪಟ್ಟಿ ಇದ್ದರೆ ಪರಿಶೀಲಿಸಬಹುದು. ಈ ಜಾರ್‌ನಲ್ಲಿ ಯಾವ ಯಾವ ಪ್ಲಗಿನ್ ಘೋಷಿತವಾಗಿವೆ ಅಂತ ಓಡಿಸುವ ಮೊದಲೇ ನೋಡಬಹುದು. ಮನೆಮನೆ ಸುತ್ತುವ ಪದ್ಧತಿಯಲ್ಲಿ ಯಾರು ಸಿಕ್ಕರು ಅನ್ನುವುದು ಸುತ್ತಿದ ಮೇಲಷ್ಟೇ ತಿಳಿಯುತ್ತದೆ.

ಹಾಗಂತ ಪಟ್ಟಿ ಬಂದ ತಕ್ಷಣ ಎಲ್ಲ ಸರಿಹೋಗಲ್ಲ. ನಮ್ಮ ದೇಶದಲ್ಲಿ ಇದನ್ನು ವಿವರಿಸಬೇಕಾದ್ದೇ ಇಲ್ಲ. ಮನುಷ್ಯ ಎದುರಿಗೇ ನಿಂತಿದ್ದಾನೆ, ಪಟ್ಟಿಯಲ್ಲಿ ಹೆಸರಿಲ್ಲ, ಹಾಗಾಗಿ ವೋಟಿಲ್ಲ. ನನ್ನ ಪ್ಲಗಿನ್‌ಗೆ ಆಗಿದ್ದೂ ಅದೇ.

ನಂಬರ್‌ಗಳು ಬಯಲಾಗಿದ್ದು ಹೇಗೆ

ಗೆಳೆಯ ಎಚ್ಚರಿಕೆ ಓದಿ ‘ಪ್ಯಾಕೇಜಸ್’ ತೆಗೆದ. ಸರಿಯೇ. ಆದರೆ ಬಾಗಿಲು ತಟ್ಟುವುದನ್ನು ನಿಲ್ಲಿಸುವ ಮೊದಲು ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೋಡಬೇಕಿತ್ತು. ಇರಲಿಲ್ಲ.

ಯಾಕಿರಲಿಲ್ಲ? ಪಟ್ಟಿ ಮಾಡುವ ಪ್ಲಗಿನ್ ಪ್ರೊಸೆಸರ್ ಲಾಗ್4ಜೆ ಕೋರ್ ಜಾರ್‌ನ ಒಳಗೇ ಇರುತ್ತಾನೆ. ಹಿಂದೆಲ್ಲ ಜಾವಾ ಕಂಪೈಲರ್ ಅವನನ್ನು ತಾನೇ ಕಂಡುಹಿಡಿದು ಕೆಲಸಕ್ಕೆ ಹಚ್ಚುತ್ತಿತ್ತು. ಆದರೆ ಅವರ ತಂಡ ಮಧ್ಯದಲ್ಲಿ ಲೊಂಬೊಕ್ ಬಳಸಲು ಶುರುಮಾಡಿ, ಮೇವನ್ ಕಡತದಲ್ಲಿ ಪ್ರೊಸೆಸರ್‌ಗಳ ದಾರಿ ಅಂತ ಒಂದು ಪಟ್ಟಿ ಕೊಟ್ಟು ಅದರಲ್ಲಿ ಲೊಂಬೊಕ್ ಒಂದನ್ನೇ ಬರೆದಿತ್ತು. ಹಾಗೆ ದಾರಿ ಬರೆದುಕೊಟ್ಟರೆ ಕಂಪೈಲರ್ ಅಲ್ಲಿ ಹೆಸರಿರುವವರನ್ನು ಮಾತ್ರ ಕರೆಯುತ್ತದೆ, ಉಳಿದವರನ್ನು ಹುಡುಕಲು ಹೋಗುವುದಿಲ್ಲ. ಲಾಗ್4ಜೆಯ ಪ್ರೊಸೆಸರ್ ಅಂದಿನಿಂದ ಹೊರಗೇ ನಿಂತಿದ್ದ. ಮನೆಮನೆ ಸುತ್ತುವ ಹಳೇ ಪದ್ಧತಿ ಜೊತೆಗಿದ್ದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಇನ್ನು ಆ ‘ಆಸ್ಕ್’. ಲಾಗ್ ಸಾಲು ಹೇಗಿರಬೇಕು ಅಂತ ಹೇಳುವ ಮಾದರಿಯಲ್ಲಿ ಶೇಕಡಾ ಚಿಹ್ನೆ ಹಾಕಿ ಪ್ಲಗಿನ್‌ನ ಹೆಸರು ಬರೆಯುತ್ತೇವೆ. ನಾನಿಟ್ಟ ಹೆಸರು ‘ಮಾಸ್ಕ್’, ಇಂಗ್ಲಿಷಿನಲ್ಲಿ ಎಂ, ಎ, ಎಸ್, ಕೆ. ಆ ಹೆಸರಿನ ಪ್ಲಗಿನ್ ಸಿಗದಿದ್ದರೆ ಲಾಗ್4ಜೆ ತಕ್ಷಣ ಕೈಚೆಲ್ಲುವುದಿಲ್ಲ. ಹೆಸರಿನ ಕೊನೆಯ ಅಕ್ಷರ ಬಿಟ್ಟು ನೋಡುತ್ತದೆ, ಮತ್ತೊಂದು ಬಿಟ್ಟು ನೋಡುತ್ತದೆ. ಕೆ ಹೋಯ್ತು, ಎಸ್ ಹೋಯ್ತು, ಎ ಹೋಯ್ತು. ಉಳಿದದ್ದು ಎಂ. ಎಂ ಅಂದ್ರೆ ಲಾಗ್4ಜೆಯಲ್ಲಿ ‘ಮೆಸೇಜ್’, ಮೂಲ ಸಂದೇಶವನ್ನು ಇದ್ದ ಹಾಗೇ ಬರೆ ಅಂತ. ಅದು ವಿಧೇಯವಾಗಿ ಇಡೀ ಸಂದೇಶವನ್ನು ಬರೆಯಿತು, ಬಿಟ್ಟುಬಂದ ಮೂರು ಅಕ್ಷರಗಳನ್ನು ಮಾಮೂಲಿ ಪಠ್ಯ ಅಂತ ತಿಳಿದು ಬಾಲಕ್ಕೆ ಅಂಟಿಸಿತು.

ಅದರ ದೃಷ್ಟಿಯಲ್ಲಿ ತಪ್ಪೇ ಆಗಿಲ್ಲ. ಹಾಗಾಗಿ ದೂರೂ ಇಲ್ಲ. ಎಂಟು ವರ್ಷ ಕಾಪಾಡಿದ ಮುಸುಕು ಒಂದು ಅಕ್ಷರದ ಹೊಂದಾಣಿಕೆಯಲ್ಲಿ ಹೋಯ್ತು. ಹೆಸರು ಇಟ್ಟವನು ನಾನೇ ಆದ್ದರಿಂದ ಇದರಲ್ಲಿ ನನ್ನ ಪಾಲೂ ಇದೆ.

ಹಾಗಾದರೆ ಏನು ಮಾಡಬೇಕು

ಕೋಡ್ ಬರೆಯುವ ಓದುಗರಿಗೆ ಇದು. ಉಳಿದವರೂ ಓದಿ, ಗಹನವಾದದ್ದೇನಿಲ್ಲ.

ಒಂದು, ಎಚ್ಚರಿಕೆ ಕಾಣುವ ಹಾಗೆ ಮಾಡಿಕೊಳ್ಳಿ. ಲಾಗ್4ಜೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತುಗಳಿಗೆ ‘ಸ್ಟೇಟಸ್’ ಅನ್ನುವ ಪ್ರತ್ಯೇಕ ಮಟ್ಟವಿದೆ. ನೀವು ಏನೂ ಹೇಳದಿದ್ದರೆ ಅದು ‘ಎರರ್’ನಲ್ಲಿರುತ್ತದೆ. ಅಂದರೆ ಡೆಪ್ರಿಕೇಷನ್ ಎಚ್ಚರಿಕೆ ಕಾಣಿಸುವುದೇ ಇಲ್ಲ. ಅದನ್ನು ‘ವಾರ್ನ್’ಗೆ ಇಳಿಸಿ. ನನ್ನ ಹಳೇ ಕಡತದಲ್ಲಿ ಅದೃಷ್ಟಕ್ಕೆ ಹಾಗೇ ಇತ್ತು, ಅದಕ್ಕೇ ಗೆಳೆಯನ ಕಣ್ಣಿಗೆ ಬಿತ್ತು.

ಎರಡು, ‘ಪ್ಯಾಕೇಜಸ್’ ತೆಗೆಯುವ ಮೊದಲು ಪ್ಲಗಿನ್ ಪ್ರೊಸೆಸರ್ ನಿಮ್ಮ ಬಿಲ್ಡ್‌ನಲ್ಲಿ ನಿಜಕ್ಕೂ ಓಡುತ್ತಿದ್ದಾನಾ ನೋಡಿ. ಮೇವನ್‌ನಲ್ಲಿ ಪ್ರೊಸೆಸರ್‌ಗಳ ದಾರಿಗೆ ಲಾಗ್4ಜೆ ಕೋರ್ ಅನ್ನೂ ಸೇರಿಸಿ. ಗ್ರೇಡಲ್ 5ನೇ ಆವೃತ್ತಿಯಿಂದ ಕಂಪೈಲ್ ಕ್ಲಾಸ್‌ಪಾತ್‌ನಲ್ಲಿರುವ ಪ್ರೊಸೆಸರ್‌ಗಳನ್ನು ತಾನಾಗಿ ಹುಡುಕುವುದಿಲ್ಲ, ಅಲ್ಲಿಯೂ ಹೆಸರು ಹೇಳಿಯೇ ಸೇರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 23ರಿಂದ ಕಂಪೈಲರ್ ಕೂಡ ಇದೇ ನಿಲುವಿಗೆ ಬಂದಿದೆ. ನೀವು ಕರೆಯದೆ ಯಾವ ಪ್ರೊಸೆಸರೂ ಬರುವುದಿಲ್ಲ. ಅಂದರೆ ಇವತ್ತು ಪಟ್ಟಿ ತಾನಾಗಿ ಸಿದ್ಧವಾಗುತ್ತಿರುವ ತಂಡಗಳಲ್ಲೂ ಜಾವಾ ಏರಿಸಿದ ದಿನ ಅದು ನಿಂತುಹೋಗಬಹುದು.

ಮೂರು, ಕಣ್ಣಾರೆ ನೋಡಿ. ಜಾರ್ ಅಂದ್ರೆ ಜಿಪ್ ಫೈಲೇ. ತೆರೆದು ‘ಮೆಟಾ-ಐಎನ್‌ಎಫ್’ ಫೋಲ್ಡರ್ ಕೆಳಗೆ ಆ ಡ್ಯಾಟ್ ಫೈಲ್ ಇದೆಯಾ, ಅದರಲ್ಲಿ ನಿಮ್ಮ ಪ್ಲಗಿನ್‌ನ ಹೆಸರು ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಇದಾದ ಮೇಲಷ್ಟೇ ‘ಪ್ಯಾಕೇಜಸ್’ ತೆಗೆಯಿರಿ. ಈ ಕ್ರಮ ಮುಖ್ಯ. ಹೊಸ ಕಾಲುಸಂಕ ಹಾಕಿದ ಮೇಲೆ ಹಳೆಯದನ್ನು ಕೀಳಬೇಕು.

ನಾಲ್ಕು, ಎಲ್ಲ ಜಾರ್‌ಗಳನ್ನೂ ಒಂದೇ ದಪ್ಪ ಜಾರ್ ಮಾಡುವ ಅಭ್ಯಾಸ ಇದ್ದರೆ ಹುಷಾರು. ಲಾಗ್4ಜೆ ಕೋರ್‌ನಲ್ಲಿ ಒಂದು ಪಟ್ಟಿ, ನಿಮ್ಮ ಜಾರ್‌ನಲ್ಲಿ ಒಂದು ಪಟ್ಟಿ, ಎರಡಕ್ಕೂ ಒಂದೇ ಹೆಸರು, ಒಂದೇ ಜಾಗ. ಸೇರಿಸುವಾಗ ಒಂದು ಮಾತ್ರ ಉಳಿದು ಇನ್ನೊಂದು ಅಳಿದುಹೋಗುತ್ತದೆ. ಎರಡು ಬೂತ್‌ಗಳನ್ನು ವಿಲೀನ ಮಾಡಿ ಒಂದು ಬೂತಿನ ಮತದಾರರ ಪಟ್ಟಿಯನ್ನಷ್ಟೇ ಇಟ್ಟುಕೊಂಡ ಹಾಗೆ. ಮೇವನ್‌ನ ಶೇಡ್ ಪ್ಲಗಿನ್ ಬಳಸುವವರಿಗೆ ಎರಡು ಪಟ್ಟಿಗಳನ್ನೂ ಕೂಡಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ಲಾಗ್4ಜೆ ತಂಡವೇ ಕೊಟ್ಟಿದೆ, ಹಾಕಿಕೊಳ್ಳಿ. ಸ್ಪ್ರಿಂಗ್ ಬೂಟ್ ಮಾಡುವ ಜಾರ್‌ನಲ್ಲಿ ಒಳಗಿನ ಜಾರ್‌ಗಳು ಇಡಿಯಾಗಿ ಉಳಿಯುವುದರಿಂದ ಈ ಕಾಟ ಇಲ್ಲ.

ಐದು, ಸೋಲುವುದಾದರೆ ಕೂಗಿ ಸೋಲುವ ಹಾಗೆ ಮಾಡಿ. ಪ್ಲಗಿನ್‌ನ ಹೆಸರು ಲಾಗ್4ಜೆಯ ಸ್ವಂತ ಗುರುತುಗಳ ಅಕ್ಷರದಿಂದ ಶುರುವಾಗದಂತೆ ಆರಿಸಿ. ಆಗ ಪ್ಲಗಿನ್ ಸಿಗದಿದ್ದರೆ ಈ ಗುರುತು ಗೊತ್ತಿಲ್ಲ ಅಂತ ಅದು ದೂರುತ್ತದೆ, ಸಂದೇಶವನ್ನು ಬಿಚ್ಚಿ ತೋರಿಸುವುದಿಲ್ಲ. ಜೊತೆಗೆ ಒಂದು ಪುಟ್ಟ ಪರೀಕ್ಷೆ ಬರೆದಿಡಿ. ಸುಳ್ಳು ಫೋನ್ ನಂಬರ್ ಒಂದನ್ನು ಲಾಗ್ ಮಾಡಿ, ಫೈಲಿನಲ್ಲಿ ಅದು ಪೂರ್ತಿ ಕಂಡರೆ ಬಿಲ್ಡ್ ನಿಲ್ಲಲಿ. ಎಲ್ಲಕ್ಕಿಂತ ಒಳ್ಳೆಯದು, ನಂಬರನ್ನು ಲಾಗ್‌ಗೆ ಕಳಿಸುವುದನ್ನೇ ಬಿಡಿ. ಬರೆಯದ್ದನ್ನು ಮುಚ್ಚಬೇಕಾಗಿಲ್ಲ.

ಇಷ್ಟು ವರ್ಷ ಯಾಕೆ ಉಳಿಸಿಕೊಂಡರು

ಕೆಟ್ಟ ದಾರಿ ಅಂತ ಗೊತ್ತಿದ್ದರೆ ಮೊದಲೇ ಕಿತ್ತುಹಾಕಬಹುದಿತ್ತಲ್ಲ? ಇದಕ್ಕೆ ಉತ್ತರ ಲಾಗ್4ಜೆಯ ಕರಾಳ ಅಧ್ಯಾಯದಲ್ಲಿದೆ.

2021ರ ಡಿಸೆಂಬರ್ ನೆನಪಿದೆಯಾ? ಲಾಗ್4ಶೆಲ್ ಅಂತ ಹೆಸರಾದ ದೋಷ ಬಯಲಾಗಿ ಜಗತ್ತಿನ ಸರ್ವರ್ ಕೋಣೆಗಳಲ್ಲಿ ನಿದ್ದೆ ಹಾರಿತ್ತು. ಲಾಗ್ ಆಗುವ ಪಠ್ಯದಲ್ಲಿ ಒಂದು ನಿರ್ದಿಷ್ಟ ಬಗೆಯ ವಾಕ್ಯ ತೂರಿಸಿದರೆ ಸಾಕು, ಲಾಗ್4ಜೆ ಹೊರಗಿನ ಸರ್ವರ್ ಒಂದನ್ನು ಸಂಪರ್ಕಿಸಿ ಅಲ್ಲಿಂದ ಬಂದ ಕೋಡನ್ನು ಓಡಿಸುವ ಸಾಧ್ಯತೆ ಇತ್ತು. ಡೈರಿ ಬರೆಯುವ ಗುಮಾಸ್ತ, ಡೈರಿಯಲ್ಲಿ ಬರೆಸಿದ ಮಾತನ್ನೇ ಆಜ್ಞೆ ಅಂತ ತಿಳಿದು ಠಾಣೆಯ ಬೀಗ ತೆಗೆದುಕೊಟ್ಟ ಹಾಗೆ. ತೀವ್ರತೆಯ ಅಂಕ 10ಕ್ಕೆ 10. ಅದನ್ನು ತಂಡಕ್ಕೆ ವರದಿ ಮಾಡಿದ್ದು ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡದ ಚೆನ್ ಝಾವೊಜುನ್.

ಸ್ಪಷ್ಟವಾಗಿ ಹೇಳಿಬಿಡ್ತೀನಿ, ಆ ದೋಷಕ್ಕೂ ಪ್ಯಾಕೇಜ್ ಸ್ಕ್ಯಾನಿಂಗ್‌ಗೂ ನೇರ ಸಂಬಂಧ ಇಲ್ಲ. ಆದರೆ ಹಿನ್ನೆಲೆ ಒಂದೇ. ಆ ಸಾಮರ್ಥ್ಯ ಜೆಎನ್‌ಡಿಐ ಲುಕಪ್ ಅನ್ನುವ ಒಂದು ಪ್ಲಗಿನ್. 2013ರಲ್ಲಿ ಬಳಕೆದಾರರ ಕೋರಿಕೆಯ ಮೇರೆಗೆ ಒಳಗೆ ಬಂದದ್ದು. ನಿರ್ವಾಹಕರಲ್ಲೊಬ್ಬರು ಆ ವಾರ ಟ್ವಿಟರ್‌ನಲ್ಲಿ ಬರೆದ ಮಾತಿನ ಸಾರ ಇದು: ನಾವು ನಿದ್ದೆಗೆಟ್ಟು ದುರಸ್ತಿ ಮಾಡುತ್ತಿದ್ದೇವೆ, ಸಂಬಳ ಇಲ್ಲದ ಕೆಲಸಕ್ಕೆ ಬೈಸಿಕೊಳ್ಳುತ್ತಿದ್ದೇವೆ, ಅದೂ ನಮಗೇ ಇಷ್ಟವಿಲ್ಲದ, ಹಳೆಯ ಬಳಕೆದಾರರಿಗೆ ತೊಂದರೆ ಆಗದಿರಲಿ ಅಂತ ಉಳಿಸಿಕೊಂಡಿದ್ದ ಒಂದು ಸೌಲಭ್ಯಕ್ಕಾಗಿ.

ಆ ತಿಂಗಳಲ್ಲೇ 2.15, 2.16, 2.17 ಅಂತ ಒಂದರ ಹಿಂದೊಂದು ಆವೃತ್ತಿ ಬಂದವು. ಸಂದೇಶದೊಳಗಿನ ಲುಕಪ್‌ಗಳನ್ನು 2.16ರಲ್ಲಿ ಪೂರ್ತಿ ಕಿತ್ತುಹಾಕಲಾಯಿತು. ತಕ್ಷಣ ಹೊಸ ಆವೃತ್ತಿಗೆ ಹೋಗಲಾಗದವರು ಜಾರ್ ಬಿಚ್ಚಿ ಆ ಒಂದು ಪ್ಲಗಿನ್‌ನ ಕ್ಲಾಸನ್ನೇ ಅಳಿಸಿ ಮತ್ತೆ ಮುಚ್ಚಿದರು. ಅಮೆರಿಕ ಸರ್ಕಾರದ ಸೈಬರ್ ಸೇಫ್ಟಿ ರಿವ್ಯೂ ಬೋರ್ಡ್ 2022ರ ಜುಲೈ ವರದಿಯಲ್ಲಿ, ದೋಷವಿರುವ ಪ್ರತಿಗಳು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎಲ್ಲೆಲ್ಲೋ ಉಳಿದಿರುತ್ತವೆ ಅಂತ ಎಚ್ಚರಿಸಿತು.

ಈಗ ಯೋಚಿಸಿ. ಹಳೆಯದನ್ನು ಕಿತ್ತರೆ ಕಂಪನಿಗಳು ಬೈಯುತ್ತವೆ, ಉಳಿಸಿದರೆ ಒಂದು ದಿನ ಜಗತ್ತೇ ಬೈಯುತ್ತದೆ. ಇವೆರಡರ ನಡುವೆ ನಿರ್ವಾಹಕರ ಕೈಲಿರುವ ಮರ್ಯಾದೆಯ ಸಾಧನ ಒಂದೇ, ಡೆಪ್ರಿಕೇಷನ್ ಎಚ್ಚರಿಕೆ. ಅದನ್ನು ನಾವು ಕಸದ ಹಾಗೆ ನೋಡಿದರೆ ತಪ್ಪು ಅವರದ್ದಲ್ಲ. ಜರ್ಮನಿಯ ಸಾವರಿನ್ ಟೆಕ್ ಫಂಡ್ ಇಂಥ ಮೂಲಭೂತ ತಂತ್ರಾಂಶಗಳಿಗೆ ಸಾರ್ವಜನಿಕ ಹಣ ಕೊಡುತ್ತದೆ. ಅದು ಹಣ ಕೊಟ್ಟ ಯೋಜನೆಗಳಲ್ಲಿ ಲಾಗ್4ಜೆಯೂ ಒಂದು. ರಸ್ತೆ, ನೀರಿನ ಪೈಪಿನ ದುರಸ್ತಿಗೆ ಬಜೆಟ್ ಇಡುವ ಹಾಗೆ ಇದಕ್ಕೂ ಇಡಬೇಕು ಅನ್ನುವ ತಿಳಿವಳಿಕೆ ಅದು. ಡಿಜಿಟಲ್ ಸಾರ್ವಜನಿಕ ಮೂಲಸೌಕರ್ಯದ ಬಗ್ಗೆ ಇಷ್ಟು ಹೆಮ್ಮೆಪಡುವ ನಾವು, ಅದರ ತಳದಲ್ಲಿರುವ ಲೈಬ್ರರಿಗಳ ದುರಸ್ತಿಯನ್ನು ಅಪರಿಚಿತರ ಬಿಡುವಿನ ವೇಳೆಗೆ ಬಿಟ್ಟು ಕೂತರೆ ಸರಿಯಾ?

ಎಚ್ಚರಿಕೆ ಯಾರಿಗೆ, ನಷ್ಟ ಯಾರಿಗೆ

ಗೆಳೆಯನ ಪ್ರಸಂಗಕ್ಕೆ ವಾಪಸ್ ಬರೋಣ. ಅದು ಟೆಸ್ಟ್ ಸರ್ವರ್ ಆಗಿರದಿದ್ದರೆ?

ಭಾರತದಲ್ಲಿ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಲೇಬೇಕು. ದಾಳಿಯಾದಾಗ ತನಿಖೆಗೆ ಬೇಕು ಅನ್ನುವ ಉದ್ದೇಶ ಸರಿಯಾಗಿಯೇ ಇದೆ. ಆದರೆ ಅದರ ಇನ್ನೊಂದು ಮುಖ ನೋಡಿ. ಇವತ್ತು ಮುಸುಕಿಲ್ಲದೆ ಬಿದ್ದ ಫೋನ್ ನಂಬರ್ ಕನಿಷ್ಠ ಆರು ತಿಂಗಳು ಆ ಡೈರಿಯಲ್ಲಿ ಕೂತಿರುತ್ತದೆ. ಲಾಗ್‌ಗಳನ್ನು ಡೇಟಾಬೇಸ್‌ನಷ್ಟು ಬಿಗಿಯಾಗಿ ಯಾರೂ ಕಾಯುವುದಿಲ್ಲ. ಡೆವಲಪರ್ ನೋಡ್ತಾನೆ, ಸಪೋರ್ಟ್ ತಂಡ ನೋಡುತ್ತದೆ, ಹೊರಗುತ್ತಿಗೆ ಕಂಪನಿಯವರು ನೋಡ್ತಾರೆ, ಲಾಗ್ ಹುಡುಕಲು ತಗೊಂಡ ಬೇರೆಯವರ ಸೇವೆಗೂ ಒಂದು ಪ್ರತಿ ಹೋಗುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ದತ್ತಾಂಶ ಸೋರಿಕೆ ತಡೆಯಲು ತಕ್ಕ ಭದ್ರತೆ ಮಾಡಿಕೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಅನ್ನುತ್ತದೆ. ದಂಡದ ಮಾತು ದೊಡ್ಡದು. ಆದರೆ ಇಂಥ ಸೋರಿಕೆ ಆಗಿದ್ದೇ ಗೊತ್ತಾಗದಿದ್ದರೆ ದಂಡ ಹಾಕುವವರು ಯಾರು? ಇಲ್ಲಿ ಹ್ಯಾಕರ್ ಇಲ್ಲ, ದಾಳಿ ಇಲ್ಲ, ಸರ್ವರ್ ಬಿದ್ದೂ ಇಲ್ಲ. ಬರೀ ಸಾಲಿನ ಕೊನೆಯಲ್ಲಿ ಅರ್ಥವಿಲ್ಲದ ಮೂರು ಅಕ್ಷರ.

ನನಗೆ ಮುಖ್ಯ ಅನ್ನಿಸುವುದು ಇದೇ. ಎಚ್ಚರಿಕೆ ಬಂದದ್ದು ಎಂಜಿನಿಯರ್ ಪರದೆಗೆ. ಅದನ್ನು ಗಮನಿಸಲು ಸಮಯ ಕೊಡಬೇಕೋ ಬೇಡವೋ ಅಂತ ನಿರ್ಧರಿಸುವುದು ಮ್ಯಾನೇಜರ್. “ಓಡ್ತಿದೆಯಲ್ಲ, ಹೊಸ ಫೀಚರ್ ಮಾಡಿ” ಅನ್ನುವುದು ಎಲ್ಲ ಕಚೇರಿಯ ಮಾಮೂಲಿ ಮಾತು. ನಂಬರ್ ಬಯಲಾಗುವುದು ಮಾತ್ರ ಆ ಪರದೆಯನ್ನು ಎಂದೂ ನೋಡದ ಯಾರದ್ದೋ. ಅದು ಆನ್‌ಲೈನ್‌ನಲ್ಲಿ ಪಿಂಚಣಿ ಅರ್ಜಿ ಹಾಕಿದ ನಿಮ್ಮ ಅಜ್ಜಿಯದ್ದಿರಬಹುದು, ಪರಿಚಯವಿಲ್ಲದವರಿಗೆ ನಂಬರ್ ಸಿಗಬಾರದು ಅಂತ ಎಚ್ಚರ ವಹಿಸುವ ನಿಮ್ಮ ಅಕ್ಕನದ್ದಿರಬಹುದು. ತೀರ್ಮಾನ ತಗೊಳ್ಳುವವರು ಒಬ್ಬರು, ಅದರ ಭಾರ ಹೊರುವವರು ಇನ್ನೊಬ್ಬರು. ಇದನ್ನೇ ಅಲ್ವಾ ನಾವು ರಾಜಕೀಯ ಅನ್ನೋದು?

ಹಾಗಾಗಿ ಮುಂದಿನ ಸಲ ಯಾವುದೋ ಸರ್ಕಾರಿ ಆ್ಯಪ್ ಅಥವಾ ಕಂಪನಿ ‘ನಿಮ್ಮ ಮಾಹಿತಿ ಸುರಕ್ಷಿತ’ ಅಂದಾಗ ಒಂದು ಪ್ರಶ್ನೆ ಕೇಳಿ: ಡೇಟಾಬೇಸ್ ಸರಿ, ನಿಮ್ಮ ಲಾಗ್‌ನಲ್ಲಿ ನನ್ನ ನಂಬರ್ ಹೇಗೆ ಬೀಳುತ್ತದೆ, ಅದನ್ನು ಕೊನೇ ಸಲ ಯಾವಾಗ ಪರೀಕ್ಷಿಸಿದಿರಿ? ಕೋಡ್ ಬರೆಯುವವರಾದರೆ ನಾಳೆ ಬೆಳಗ್ಗೆ ನಿಮ್ಮ ಸಂರಚನಾ ಫೈಲಿನ ಮೊದಲ ಸಾಲು ತೆರೆದು ನೋಡಿ. ಅಲ್ಲಿ ‘ಪ್ಯಾಕೇಜಸ್’ ಇದ್ದರೆ ತಕ್ಷಣ ಅಳಿಸಬೇಡಿ, ಮೊದಲು ಜಾರ್ ತೆರೆದು ಪಟ್ಟಿ ನೋಡಿ.

ಗೆಳೆಯ ಆ ಭಾನುವಾರವೇ ಮೇವನ್ ಕಡತಕ್ಕೆ ನಾಲ್ಕು ಸಾಲು ಸೇರಿಸಿದ. ಪಟ್ಟಿಯಲ್ಲಿ ಹೆಸರು ಬಂತು, ಮುಸುಕು ವಾಪಸ್ ಬಂತು. ಪ್ಲಗಿನ್‌ನ ಹೆಸರನ್ನೂ ಬದಲಿಸಿದ. ಸುಳ್ಳು ನಂಬರಿನ ಪರೀಕ್ಷೆಯನ್ನೂ ಬರೆದ, ಬರೆದು ಬೇಕಂತಲೇ ಒಮ್ಮೆ ಪಟ್ಟಿ ಅಳಿಸಿ ಅದು ಫೇಲ್ ಆಗುತ್ತದಾ ಅಂತ ನೋಡಿದ.

“ಫೇಲ್ ಆಯ್ತು ಕಣೋ,” ಅಂತ ಸಂಜೆ ಮೆಸೇಜ್ ಹಾಕಿದ್ದ. ಅಷ್ಟು ಖುಷಿಯಿಂದ ಅವನು ಆ ಮಾತು ಹೇಳಿದ್ದು ನಾನು ಕೇಳಿರಲಿಲ್ಲ.